ನೆಟ್ ಹೋದದ್ದು ಯಾರಿಗೆ ಗೊತ್ತಾಗುತ್ತದೆ? ಮನೆ ಅಲಾರಂ ಮಾನಿಟರಿಂಗ್ ಆಯ್ಕೆಗಳ ಹೋಲಿಕೆ

ಮನೆಗೆ ಅಲಾರಂ ಹಾಕಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇವು: ಸೈರನ್ ಎಷ್ಟು ಜೋರು, ಕ್ಯಾಮೆರಾ ಎಷ್ಟು ಸ್ಪಷ್ಟ, ತಿಂಗಳಿಗೆ ಎಷ್ಟು ಕಟ್ಟಬೇಕು. ಇನ್ನೊಂದು ಪ್ರಶ್ನೆ ಕೇಳುವವರು ಕಡಿಮೆ. ಈಗಲೇ ನಾನು ಇಂಟರ್‌ನೆಟ್ ತಂತಿ ಕಿತ್ತರೆ ಅದು ಯಾರಿಗೆ ಗೊತ್ತಾಗುತ್ತದೆ, ಎಷ್ಟು ಹೊತ್ತಿಗೆ, ಗೊತ್ತಾದ ಮೇಲೆ ಅವರು ಏನು ಮಾಡುತ್ತಾರೆ? ಮಾರುವವರಿಗೆ ಇದನ್ನು ಕೇಳಿ ನೋಡಿ. ತಡವರಿಸದೆ ಉತ್ತರ ಕೊಟ್ಟರೆ ಅವರ ಹತ್ತಿರ ಮಾತು ಮುಂದುವರಿಸಬಹುದು.

ನಿಮ್ಮ ಮನೆಯಿಂದ ಯಾವ ಸುದ್ದಿಯೂ ಬರುತ್ತಿಲ್ಲ ಎಂದರೆ ಮಾನಿಟರಿಂಗ್ ಸೆಂಟರ್‌ನಲ್ಲಿ, ಅಂದರೆ ದೂರದಿಂದ ಅಲಾರಂಗಳನ್ನು ಕಾಯುವ ಕಚೇರಿಯಲ್ಲಿ, ಕೂತವರಿಗೆ ಎರಡು ಅರ್ಥ. ಮನೆಯಲ್ಲಿ ಎಲ್ಲ ಸರಿ ಇರಬಹುದು. ಇಲ್ಲವೇ ಸುದ್ದಿ ಬರುವ ದಾರಿಯೇ ಕಡಿದಿರಬಹುದು. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಆಯ್ಕೆಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು, ಈ ಎರಡನ್ನು ಬೇರ್ಪಡಿಸಲು ಯಾವ ವ್ಯವಸ್ಥೆ ಏನು ಮಾಡುತ್ತದೆ ಅನ್ನುವುದನ್ನು. ಉಳಿದ ಫೀಚರ್‌ಗಳು ಆಮೇಲೆ.

ಮೌನವನ್ನು ಹಿಡಿಯುವ ಬಗೆ

ಲ್ಯಾಂಡ್‌ಲೈನ್ ಕಾಲದ ಅಲಾರಂಗಳಲ್ಲಿ ವಿಷಯ ಸರಳವಾಗಿತ್ತು. ಎಕ್ಸ್‌ಚೇಂಜಿನಿಂದ ಫೋನ್ ತಂತಿಯಲ್ಲಿ ಸುಮಾರು 48 ವೋಲ್ಟ್ ಬರುತ್ತಿತ್ತು. ತಂತಿ ಕತ್ತರಿಸಿದರೆ ವೋಲ್ಟೇಜ್ ಬಿದ್ದುಹೋಗುತ್ತಿತ್ತು, ಪ್ಯಾನೆಲ್‌ಗೆ, ಅಂದರೆ ಮನೆಯಲ್ಲಿರುವ ಅಲಾರಂನ ಮುಖ್ಯ ಪೆಟ್ಟಿಗೆಗೆ, ಅದು ತಿಳಿಯುತ್ತಿತ್ತು. ಆದರೆ ತಿಳಿದು ಏನು ಪ್ರಯೋಜನ? ಹೊರಗೆ ಹೇಳಲು ಇದ್ದ ದಾರಿ ಆ ತಂತಿಯೊಂದೇ. ಮನೆಯಲ್ಲೇ ಸೈರನ್ ಕೂಗಿಸಬಹುದಿತ್ತು, ಅಷ್ಟೆ. ಸೆಂಟರ್‌ನವರಿಗೆ ಸುಳಿವು ಸಿಗುತ್ತಿದ್ದದ್ದು ನಿಗದಿಯಾದ ಟೆಸ್ಟ್ ಕರೆ ಬಾರದೆ ಹೋದಾಗ. ಆ ಕರೆ ಎಷ್ಟೋ ಮನೆಗಳಿಂದ ಹೋಗುತ್ತಿದ್ದದ್ದು ದಿನಕ್ಕೆ ಒಂದೇ ಸಲ.

ಇಂಟರ್‌ನೆಟ್ ಬಂದ ಮೇಲೆ ಈ ಟೆಸ್ಟ್ ಕರೆಯೇ ಚಿಕ್ಕದಾಗಿ, ಪದೇ ಪದೇ ಹೋಗುವಂತಾಯಿತು. ಇದಕ್ಕೆ ಹಾರ್ಟ್‌ಬೀಟ್ ಅನ್ನುತ್ತಾರೆ, ಕೆಲವರು ಪೋಲಿಂಗ್ ಅನ್ನುತ್ತಾರೆ. ಪ್ಯಾನೆಲ್ ಇಷ್ಟು ಸೆಕೆಂಡಿಗೊಮ್ಮೆ 'ಇದ್ದೇನೆ' ಎಂಬ ಸಣ್ಣ ಸಂದೇಶ ಕಳಿಸುತ್ತದೆ. ಅಲಾರಂ ಕಂಪನಿಯ ಸರ್ವರ್ 'ಸಿಕ್ಕಿತು' ಎಂದು ಉತ್ತರಿಸಿ, ಒಂದು ಟೈಮರನ್ನು ಮತ್ತೆ ಮೊದಲಿನಿಂದ ಓಡಿಸುತ್ತದೆ. ಟೈಮರ್ ಮುಗಿಯುವುದರೊಳಗೆ ಮುಂದಿನ ಸಂದೇಶ ಬರದಿದ್ದರೆ ಆ ಮನೆ ಕೈತಪ್ಪಿದೆ ಎಂದು ಲೆಕ್ಕ. ಅಲಾರಂ ಉದ್ಯಮದಲ್ಲಿ ಜಾಸ್ತಿ ಬಳಕೆಯಲ್ಲಿರುವ ಡಿಸಿ-09 ಎಂಬ ಪ್ರೋಟೋಕಾಲ್‌ನಲ್ಲಿ ಇದಕ್ಕೆಂದೇ ಒಂದು ಖಾಲಿ ಸಂದೇಶವಿದೆ. ಅದರೊಳಗೆ ಯಾವ ಘಟನೆಯ ವಿವರವೂ ಇರುವುದಿಲ್ಲ. ಅದು ಬಂತು ಅನ್ನುವುದೇ ಸುದ್ದಿ.

'ಕನೆಕ್ಷನ್ ಕಡಿದರೆ ಸರ್ವರಿಗೆ ತಾನಾಗಿಯೇ ಗೊತ್ತಾಗುವುದಿಲ್ಲವೇ?' ಎಂದು ಕೇಳಬಹುದು. ಇಲ್ಲ. ಇಂಟರ್‌ನೆಟ್‌ನ ಟಿಸಿಪಿ ಕನೆಕ್ಷನ್ (ಎರಡು ಕಡೆಯವರು ಮೊದಲು ಸಂಪರ್ಕ ಹೂಡಿ ಮಾತಾಡುವ ಬಗೆ) ನಡುದಾರಿಯಲ್ಲಿ ತುಂಡಾದರೆ ಎರಡೂ ಕಡೆಯವರು ಅದು ಇನ್ನೂ ಇದೆ ಎಂದೇ ನಂಬಿಕೊಂಡಿರುತ್ತಾರೆ. ಮುಗಿಸುವ ಮಾತನ್ನು ಯಾರೂ ಹೇಳಿಲ್ಲವಲ್ಲ! ಟಿಸಿಪಿಯಲ್ಲೇ ಕೀಪ್‌ಅಲೈವ್ ಎಂಬ ತಪಾಸಣೆ ಇದೆ, ನಿಜ. ಆದರೆ ಪ್ರೋಗ್ರಾಂ ಕೇಳಿಕೊಂಡರೆ ಮಾತ್ರ ಅದು ನಡೆಯುತ್ತದೆ. ಲಿನಕ್ಸ್‌ನಲ್ಲಿ ಯಾರೂ ಬದಲಿಸದಿದ್ದರೆ ಅದು ಶುರುವಾಗುವುದೇ 2 ಗಂಟೆ ಸುಮ್ಮನಿದ್ದ ಮೇಲೆ. ಆಮೇಲೆ 75 ಸೆಕೆಂಡಿಗೊಂದರಂತೆ 9 ಸಲ ಕೇಳಿ ನೋಡುತ್ತದೆ. ಕಳ್ಳನಿಗೆ ಅಷ್ಟು ಹೊತ್ತು ಧಾರಾಳ ಸಾಕು. ಅದಕ್ಕೇ ಅಲಾರಂ ಕಂಪನಿಗಳು ತಮ್ಮದೇ ಹಾರ್ಟ್‌ಬೀಟ್ ಇಟ್ಟುಕೊಳ್ಳುತ್ತವೆ.

ಸ್ಮಾರ್ಟ್ ಹೋಮ್ ಸಾಧನಗಳಲ್ಲಿ ಹೆಚ್ಚಾಗಿ ಕಾಣುವ ಎಂಕ್ಯೂಟಿಟಿ ಪ್ರೋಟೋಕಾಲ್ ಇದನ್ನು ನಿಯಮವಾಗಿಯೇ ಬರೆದುಕೊಂಡಿದೆ. ಸಾಧನ ಕನೆಕ್ಟ್ ಆಗುವಾಗಲೇ ಒಂದು ಅವಧಿ ಹೇಳುತ್ತದೆ. ಆ ಅವಧಿಯ ಒಂದೂವರೆ ಪಟ್ಟು ಹೊತ್ತು ಏನೂ ಕೇಳಿಸದಿದ್ದರೆ ಸರ್ವರ್ ಕನೆಕ್ಷನ್ ಮುಚ್ಚುತ್ತದೆ. 60 ಸೆಕೆಂಡ್ ಎಂದಿದ್ದರೆ 90 ಸೆಕೆಂಡಿಗೆ. ಸಾಧನ ಮೊದಲೇ ಬರೆಸಿಟ್ಟ ಒಂದು ಕೊನೆಯ ಸಂದೇಶವಿದ್ದರೆ, ಆಗ ಸರ್ವರ್ ಅದರ ಪರವಾಗಿ ಅದನ್ನು ಎಲ್ಲರಿಗೂ ತಿಳಿಸುತ್ತದೆ. ನನಗೆ ತುಂಬ ಹಿಡಿಸಿದ ಏರ್ಪಾಡು ಇದು. ಸತ್ತವನು ತನ್ನ ಸಾವಿನ ಸುದ್ದಿ ತಾನೇ ಹೇಳಲಾರ ಎಂಬುದನ್ನು ಒಪ್ಪಿಕೊಂಡು ಮಾಡಿದ್ದು.

ಹಾರ್ಟ್‌ಬೀಟ್‌ನಿಂದ ಇನ್ನೊಂದು ಕೆಲಸವೂ ಆಗುತ್ತದೆ. ಮನೆಯ ರೂಟರ್ ಒಳಗಿನ ಸಾಧನಗಳ ಪರವಾಗಿ ಹೊರಗಿನ ಜೊತೆ ಮಾತಾಡುತ್ತದೆ, ಯಾರ ಮಾತು ಯಾರಿಗೆ ಎಂದು ನೆನಪಿಟ್ಟುಕೊಳ್ಳುತ್ತದೆ. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಆ ನೆನಪನ್ನು ಅಳಿಸುತ್ತದೆ. ಮೊದಲು ಸಂಪರ್ಕ ಹೂಡದೆ ಸಂದೇಶ ಕಳಿಸುವ ಯುಡಿಪಿ ಬಗೆಯ ಸಂವಹನದಲ್ಲಿ ಕನಿಷ್ಠ 2 ನಿಮಿಷ ಉಳಿಸಿಕೊಳ್ಳಬೇಕು ಎಂಬ ಶಿಫಾರಸು ಇದ್ದರೂ 30 ಸೆಕೆಂಡಿಗೇ ಮರೆಯುವ ರೂಟರ್‌ಗಳಿವೆ. ಮರೆತ ಮೇಲೆ ಆ್ಯಪ್‌ನಿಂದ ನೀವು ಕೊಡುವ ಆಜ್ಞೆ ಒಳಗೆ ಬರುವುದಿಲ್ಲ. ಹಾರ್ಟ್‌ಬೀಟ್ ಓಡಾಡುತ್ತಿದ್ದರೆ ಬಾಗಿಲು ತೆರೆದೇ ಇರುತ್ತದೆ.

ಎಷ್ಟು ಬೇಗ ಅಂದರೆ ಸಾಕಷ್ಟು ಬೇಗ?

ಬ್ರೋಷರ್‌ನಲ್ಲಿ 'ಪ್ರತಿ 60 ಸೆಕೆಂಡಿಗೆ ತಪಾಸಣೆ' ಎಂದಿದ್ದರೆ 60 ಸೆಕೆಂಡಿನಲ್ಲಿ ನಿಮಗೆ ತಿಳಿಯುತ್ತದೆ ಎಂದು ಅರ್ಥವಲ್ಲ. ಒಂದು ಸಂದೇಶ ತಪ್ಪಿದ ಮಾತ್ರಕ್ಕೆ ಯಾವ ಸೆಂಟರ್ ಕೂಡ ಫೋನ್ ಎತ್ತುವುದಿಲ್ಲ. ಮೂರು ಸಂದೇಶ ತಪ್ಪಬೇಕು ಎಂದಿದ್ದರೆ ಅಲ್ಲಿಗೆ ಮೂರು-ನಾಲ್ಕು ನಿಮಿಷ. ಅದರ ಮೇಲೆ ಐದು ನಿಮಿಷ ಕಾದು ನೋಡುವ ನಿಯಮವಿದ್ದರೆ ಎಂಟು-ಒಂಬತ್ತು ನಿಮಿಷ. ಆಮೇಲೆ ಒಬ್ಬ ಮನುಷ್ಯ ಅದನ್ನು ಸ್ಕ್ರೀನ್ ಮೇಲೆ ನೋಡಿ ನಿಮಗೆ ಕರೆ ಮಾಡಬೇಕು. ಕೇಳಬೇಕಾದದ್ದು ಈ ಒಟ್ಟು ಮೊತ್ತವನ್ನು.

ಹಾಗಂತ ಎಲ್ಲವನ್ನೂ ಹತ್ತು ಸೆಕೆಂಡಿಗೆ ಇಳಿಸಿದರೂ ಕಷ್ಟವೇ. ರೂಟರ್ ಅಪ್‌ಡೇಟ್ ಆಗಿ ಮತ್ತೆ ಏಳುವುದಕ್ಕೆ ಎರಡು-ಮೂರು ನಿಮಿಷ ಬೇಕು. ಪ್ರತಿ ಸಲವೂ ನಡುರಾತ್ರಿ ಫೋನ್ ಬಂದರೆ 'ತೋಳ ಬಂತು ತೋಳ' ಕಥೆಯೇ ಆಗುತ್ತದೆ. ನಾಲ್ಕನೇ ಸಲಕ್ಕೆ ನೀವೇ ಆ ನೋಟಿಫಿಕೇಶನ್ ಆಫ್ ಮಾಡಿರುತ್ತೀರಿ.

ಯುರೋಪಿನ ಇಎನ್ 50136 ಮಾನದಂಡ ಇದನ್ನೆಲ್ಲ ದರ್ಜೆಗಳಾಗಿ ವಿಂಗಡಿಸಿದೆ. ದಾರಿ ಒಂದೇ ಇದ್ದರೆ ಎಸ್‌ಪಿ1 ರಿಂದ ಎಸ್‌ಪಿ6. ಸಂಪರ್ಕ ಹೋದದ್ದು ವರದಿಯಾಗಲು ಎಸ್‌ಪಿ1 ರಲ್ಲಿ 32 ದಿನದವರೆಗೂ ಅವಕಾಶ! ಎಸ್‌ಪಿ2 ರಲ್ಲಿ 25 ಗಂಟೆ, ಎಸ್‌ಪಿ3 ರಲ್ಲಿ 30 ನಿಮಿಷ, ಎಸ್‌ಪಿ4 ರಲ್ಲಿ 3 ನಿಮಿಷ, ಎಸ್‌ಪಿ5 ರಲ್ಲಿ 90 ಸೆಕೆಂಡ್, ಎಸ್‌ಪಿ6 ರಲ್ಲಿ 20 ಸೆಕೆಂಡ್. ಎರಡು ದಾರಿ ಇದ್ದರೆ ಡಿಪಿ1 ರಿಂದ ಡಿಪಿ4, ಮುಖ್ಯ ದಾರಿಗೆ 25 ಗಂಟೆಯಿಂದ 90 ಸೆಕೆಂಡಿನವರೆಗೆ. ಅಮೆರಿಕದ ಬೆಂಕಿ ಅಲಾರಂ ಸಂಹಿತೆ ಎನ್‌ಎಫ್‌ಪಿಎ 72, 2013 ರ ಆವೃತ್ತಿಯಲ್ಲಿ, ಒಂದೇ ದಾರಿ ಇದ್ದರೆ 60 ನಿಮಿಷ, ಒಂದಕ್ಕಿಂತ ಹೆಚ್ಚಿದ್ದರೆ 6 ಗಂಟೆ ಎಂದು ಇಟ್ಟಿತು. ನಿಮ್ಮ ದೇಶದಲ್ಲಿ ಯಾವ ಮಾನದಂಡ ನಡೆಯುತ್ತದೋ ಬೇರೆ ಮಾತು. ಆದರೆ 'ನಿಮ್ಮದು ಮಾನಿಟರ್ಡ್ ಲೈನ್' ಎಂದು ಯಾರಾದರೂ ಹೇಳಿದರೆ ಆ ಮಾತಿನೊಳಗೆ 20 ಸೆಕೆಂಡೂ ಅಡಗಿರಬಹುದು, ತಿಂಗಳೂ ಅಡಗಿರಬಹುದು. ಇದು ನೆನಪಿರಲಿ.

ನನ್ನ ಅಂದಾಜಿನಲ್ಲಿ ಸಾಮಾನ್ಯ ಮನೆಗೆ ಒಟ್ಟು ಐದರಿಂದ ಹತ್ತು ನಿಮಿಷ ಚೆನ್ನಾಗಿ ಹೊಂದುತ್ತದೆ. ಅರ್ಧ ಗಂಟೆ ಪರವಾಗಿಲ್ಲ. ದಿನಕ್ಕೊಮ್ಮೆ ಅನ್ನುವುದು ಲ್ಯಾಂಡ್‌ಲೈನ್ ಕಾಲಕ್ಕೆ ವಾಪಸ್ ಹೋದ ಹಾಗೆ.

ವೈಫೈ ಮತ್ತು ಆ್ಯಪ್ ಮಾತ್ರ

ತಿಂಗಳ ಶುಲ್ಕ ಇಲ್ಲ ಅಥವಾ ಕಡಿಮೆ, ನೀವೇ ಹಾಕಿಕೊಳ್ಳಬಹುದು. ಬಹಳ ಜನ ಇಲ್ಲಿಂದಲೇ ಶುರು ಮಾಡುತ್ತಾರೆ. ಕಂಪನಿಯ ಸರ್ವರಿಗೂ ಮನೆಯ ಪೆಟ್ಟಿಗೆಗೂ ನಡುವೆ ಹಾರ್ಟ್‌ಬೀಟ್ ಇಲ್ಲೂ ಇರುತ್ತದೆ. ಆದರೆ ಅದು ನಿಂತಾಗ ಏನಾಗುತ್ತದೆ ಎಂಬುದರಲ್ಲಿ ಭಾರಿ ವ್ಯತ್ಯಾಸ. ಕೆಲವು ಆ್ಯಪ್‌ಗಳು ತಕ್ಷಣ ನೋಟಿಫಿಕೇಶನ್ ಕಳಿಸುತ್ತವೆ. ಕೆಲವು ಸುಮ್ನೆ 'ಆಫ್‌ಲೈನ್' ಎಂದು ಬೂದು ಬಣ್ಣದಲ್ಲಿ ತೋರಿಸುತ್ತವೆ, ಅದೂ ನೀವಾಗಿ ತೆರೆದು ನೋಡಿದರೆ. ಎರಡನೆಯ ಬಗೆಯದ್ದಕ್ಕೆ ಅಲಾರಂ ಎಂದು ಹೆಸರಿಡಲು ನನಗಂತೂ ಮನಸ್ಸು ಬರುವುದಿಲ್ಲ.

ನೋಟಿಫಿಕೇಶನ್ ಬಂದರೂ ನೋಡಬೇಕಾದವರು ನೀವೊಬ್ಬರೇ. ನೀವು ವಿಮಾನದಲ್ಲಿದ್ದರೆ, ನಿದ್ದೆಯಲ್ಲಿದ್ದರೆ, ಫೋನ್ ಸೈಲೆಂಟ್‌ನಲ್ಲಿದ್ದರೆ ಕೊನೆಯ ಕೊಂಡಿ ಅಲ್ಲೇ ಕಳಚಿತು.

ವೈಫೈಗೇ ಸೇರಿದ ಒಂದು ದೌರ್ಬಲ್ಯವೂ ಇದೆ. ಹಳೆಯ ಸೆಟ್ಟಿಂಗ್‌ನ ವೈಫೈನಲ್ಲಿ 'ಕನೆಕ್ಷನ್ ಬಿಡು' ಎಂಬ ಆಜ್ಞೆಗೆ ಯಾವ ರಕ್ಷಣೆಯೂ ಇರುವುದಿಲ್ಲ. ಹೊರಗೆ ನಿಂತವನು ರೂಟರ್‌ನ ಹೆಸರಿನಲ್ಲಿ ಅದನ್ನು ಕಳಿಸುತ್ತಾ ಇದ್ದರೆ ಕ್ಯಾಮೆರಾ, ಸೆನ್ಸರ್ ಎಲ್ಲ ಕಳಚಿಕೊಳ್ಳುತ್ತವೆ. ಇದನ್ನು ತಡೆಯುವ 802.11ಡಬ್ಲ್ಯು ಎಂಬ ತಿದ್ದುಪಡಿ 2009 ರಲ್ಲೇ ಬಂದಿದೆ, ವೈಫೈನ ಹೊಸ ಭದ್ರತಾ ವಿಧಾನವಾದ ಡಬ್ಲ್ಯುಪಿಎ3 ಯಲ್ಲಿ ಅದು ಕಡ್ಡಾಯ. ರೂಟರೂ ಸಾಧನವೂ ಎರಡೂ ಡಬ್ಲ್ಯುಪಿಎ3 ಬಲ್ಲವಾದರೆ ಒಳ್ಳೆಯದು. ಅದಕ್ಕಿಂತ ಒಳ್ಳೆಯದು, ಪೆಟ್ಟಿಗೆಯನ್ನು ತಂತಿಯಲ್ಲೇ ರೂಟರಿಗೆ ಸೇರಿಸುವುದು.

ತಂತಿ ನೆಟ್ ಮತ್ತು ಮಾನಿಟರಿಂಗ್ ಸೆಂಟರ್

ಇಲ್ಲಿ ನಿಮ್ಮ ಬದಲು ಕಾಯುವ ಜನ ಇದ್ದಾರೆ. ಅದಕ್ಕೇ ದುಡ್ಡು. ಆದರೆ ಸಂಪರ್ಕ ತಪ್ಪಿದ್ದನ್ನು ಹೆಚ್ಚಿನ ಸೆಂಟರ್‌ಗಳು ಕಳ್ಳತನದ ಅಲಾರಂನಂತೆ ನೋಡುವುದಿಲ್ಲ, ತೊಂದರೆಯ ಸಂದೇಶವಾಗಿ ನೋಡುತ್ತವೆ. ಬರೆದಿಟ್ಟುಕೊಂಡು, ಸ್ವಲ್ಪ ಹೊತ್ತು ಕಾದು, ನಿಮಗೆ ಕರೆ ಮಾಡುತ್ತಾರೆ. ಪೊಲೀಸರನ್ನು ಕಳಿಸುವುದು ಅಪರೂಪ. ಅದು ತಪ್ಪೂ ಅಲ್ಲ, ಯಾಕೆಂದರೆ ಒಂದು ಬಡಾವಣೆಯ ನೆಟ್ ಹೋದರೆ ನೂರಾರು ಮನೆಗಳು ಒಟ್ಟಿಗೇ ಮೌನವಾಗುತ್ತವೆ. ಒಂದೇ ಮನೆ ಮೌನವಾದದ್ದನ್ನು, ಇಡೀ ಪ್ರದೇಶ ಮೌನವಾದದ್ದನ್ನು ಅವರ ಸಾಫ್ಟ್‌ವೇರ್ ಬೇರೆ ಬೇರೆಯಾಗಿ ತೋರಿಸುತ್ತದೆಯೇ ಎಂದು ಕೇಳಿ. ಅಲಾರಂ ಆನ್ ಇದ್ದಾಗ ನೆಟ್ ಹೋದರೆ ಬೇಗ ಕರೆ, ಆಫ್ ಇದ್ದಾಗ ಹೋದರೆ ನಿಧಾನ ಎಂಬ ವ್ಯವಸ್ಥೆ ಇದ್ದರೆ ಅವರು ಯೋಚಿಸಿ ಕೆಲಸ ಮಾಡುವವರು ಎಂದುಕೊಳ್ಳಬಹುದು.

ಇಲ್ಲಿನ ದೊಡ್ಡ ಶತ್ರು ಕಳ್ಳನಿಗಿಂತ ಹೆಚ್ಚಾಗಿ ಕರೆಂಟು. ಪ್ಯಾನೆಲ್ ಒಳಗೆ ಬ್ಯಾಟರಿ ಇರುತ್ತದೆ, ಎಷ್ಟೋ ಗಂಟೆ ಬರುತ್ತದೆ. ರೂಟರಿಗೆ? ಫೈಬರ್ ಬಂದು ಸೇರುವ ಗೋಡೆಯ ಪೆಟ್ಟಿಗೆಗೆ? ಈ ಎರಡಕ್ಕೂ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣವೇ ಮಾನಿಟರಿಂಗ್ ಮುಗಿಯಿತು. ರೂಟರಿಗೆ ಮಾತ್ರ ಯುಪಿಎಸ್ ಹಾಕಿ ಫೈಬರ್ ಪೆಟ್ಟಿಗೆ ಮರೆಯುವವರು ತುಂಬ ಜನ.

ಸಿಮ್ ಮೇಲೆ ಓಡುವವು

ಮನೆಯ ರೂಟರಿನ ಹಂಗಿಲ್ಲ, ಹೊರಗಿನ ತಂತಿ ಕತ್ತರಿಸುವ ಮಾತಿಲ್ಲ, ಬ್ಯಾಟರಿ ಇರುವಷ್ಟು ಹೊತ್ತು ಓಡುತ್ತದೆ. ಒಂದೇ ದಾರಿ ಅಂದರೆ ನಾನು ತಂತಿಗಿಂತ ಇದಕ್ಕೇ ಓಟು ಹಾಕುತ್ತೇನೆ, ಮನೆಯೊಳಗೆ ಸಿಗ್ನಲ್ ಗಟ್ಟಿ ಇದ್ದರೆ.

ಗಮನಿಸಬೇಕಾದ್ದು ಹಾರ್ಟ್‌ಬೀಟ್ ಅವಧಿ. ಸಿಮ್‌ನಲ್ಲಿ ಪ್ರತಿ ಸಂದೇಶಕ್ಕೂ ಡೇಟಾ ಖರ್ಚು. ಹಾಗಾಗಿ ಕಡಿಮೆ ದರದ ಪ್ಲ್ಯಾನ್‌ಗಳಲ್ಲಿ ತಪಾಸಣೆ ಗಂಟೆಗೊಮ್ಮೆ, ಕೆಲವೊಮ್ಮೆ ದಿನಕ್ಕೊಮ್ಮೆ ಇರುವುದುಂಟು. ಪೆಟ್ಟಿಗೆ ಅದೇ, ಬೆಲೆ ಬೇರೆ, ಒಳಗಿನ ಅವಧಿ ಬೇರೆ. ಎರಡನೆಯದು ಜಾಮರ್, ಅಂದರೆ ಮೊಬೈಲ್ ಸಿಗ್ನಲ್ ಅಡ್ಡಗಟ್ಟುವ ಸಾಧನ. ಸಿಗ್ನಲ್ ಮುಚ್ಚಿಹೋದದ್ದನ್ನು ಒಳ್ಳೆಯ ಪ್ಯಾನೆಲ್ ಗುರುತಿಸಿ ಸೈರನ್ ಕೂಗಿಸಬಲ್ಲದು, ಆದರೆ ಹೊರಗೆ ಹೇಳಲಾರದು. ಅಲ್ಲಿ ಮತ್ತೆ ಸರ್ವರ್ ಕಡೆಯ ಟೈಮರೇ ಗತಿ. ಮೂರನೆಯದು ನೆಟ್‌ವರ್ಕ್‌ನ ಆಯಸ್ಸು. ಅಮೆರಿಕದಲ್ಲಿ ಎಟಿ ಅಂಡ್ ಟಿ 2022 ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ 3ಜಿ ಮೇಲೆ ಓಡುತ್ತಿದ್ದ ಅಲಾರಂಗಳ ರೇಡಿಯೋಗಳನ್ನು ಬದಲಿಸಬೇಕಾಯಿತು. ಈಗ ಕೊಳ್ಳುವುದಾದರೆ 4ಜಿಗಿಂತ ಹಳೆಯದನ್ನು ಮುಟ್ಟಬೇಡಿ.

ಎರಡು ದಾರಿಯವು

ತಂತಿ ನೆಟ್ ಮುಖ್ಯ, ಸಿಮ್ ಬದಲಿ. ಇದರ ನಿಜವಾದ ಲಾಭ ಏನೆಂದರೆ, ಒಂದು ದಾರಿ ಬಿದ್ದರೆ ಪ್ಯಾನೆಲ್ ಇನ್ನೊಂದರಲ್ಲಿ ಅದನ್ನು ಹೇಳಬಲ್ಲದು. ಕಾಂಟ್ಯಾಕ್ಟ್ ಐಡಿ ಎಂಬ ಹಳೆಯ ಸಂಕೇತ ಪದ್ಧತಿಯಲ್ಲಿ ಸಂವಹನದ ತೊಂದರೆಗೆ 350 ಎಂಬ ಕೋಡ್ ಇದೆ, ಕರೆಂಟ್ ಹೋದದ್ದಕ್ಕೆ 301. ಒಂದೇ ದಾರಿಯ ಮನೆಯಲ್ಲಿ ಸೆಂಟರ್‌ನವರಿಗೆ ಕಾಣುವುದು ಬರೀ ಮೌನ. ಇಲ್ಲಾದರೆ '301 ಬಂತು, ಹಿಂದೆಯೇ 350 ಬಂತು, ಅಂದರೆ ಕರೆಂಟ್ ಹೋಗಿ ರೂಟರ್ ಆರಿದೆ' ಎಂದು ಕಾರಣವೂ ತಿಳಿಯುತ್ತದೆ.

ಇದರಲ್ಲೂ ಕಣ್ಣಿಗೆ ಬೀಳದ ಎರಡು ಸಂಗತಿಗಳಿವೆ. ಬದಲಿ ದಾರಿಯನ್ನು ಯಾರು, ಎಷ್ಟು ಹೊತ್ತಿಗೊಮ್ಮೆ ಪರೀಕ್ಷಿಸುತ್ತಾರೆ? ಸಿಮ್ ರೀಚಾರ್ಜ್ ಮುಗಿದು ಆರು ತಿಂಗಳಾಗಿದ್ದರೂ ತಂತಿ ಓಡುತ್ತಿರುವ ತನಕ ಯಾರಿಗೂ ಗೊತ್ತಾಗದ ವ್ಯವಸ್ಥೆಗಳು ಇರುತ್ತವೆ. ಬದಲಿಗೂ ಅದರದೇ ಹಾರ್ಟ್‌ಬೀಟ್ ಇರಬೇಕು, ನಿಧಾನವಾದರೂ ಸರಿ. ಮುಖ್ಯ ದಾರಿ ಬಿದ್ದ ಕೂಡಲೇ ಅದರ ವೇಗ ಹೆಚ್ಚಬೇಕು.

ಇನ್ನೊಂದು, ಎರಡು ದಾರಿಯೂ ಒಂದೇ ಕಂಪನಿಯದ್ದಾದರೆ ಅದು ಎರಡು ದಾರಿಯೇ ಅಲ್ಲ. 2022 ರ ಜುಲೈ 8 ರಂದು ಕೆನಡಾದ ರಾಜರ್ಸ್ ಕಂಪನಿಯ ಜಾಲ ಬಿದ್ದಾಗ ಮನೆ ಇಂಟರ್‌ನೆಟ್ಟೂ ಮೊಬೈಲೂ ಒಟ್ಟಿಗೇ ಹೋದವು. ತಂತಿ ಒಬ್ಬರದ್ದು, ಸಿಮ್ ಇನ್ನೊಬ್ಬರದ್ದು ಇರಲಿ. ಅಲಾರಂ ಕಂಪನಿ ಕೊಡುವ ಸಿಮ್ ಯಾವ ನೆಟ್‌ವರ್ಕ್ ಹಿಡಿಯುತ್ತದೆ ಎಂದು ಕೇಳಿಯೇ ನೆಟ್ ಕನೆಕ್ಷನ್ ಜೊತೆ ಹೋಲಿಸಿ.

ಸರ್ವರೇ ಬಿದ್ದರೆ ಎರಡು ದಾರಿ ಇದ್ದೂ ಪ್ರಯೋಜನವಿಲ್ಲ, ಎರಡೂ ಹೋಗಿ ಸೇರುವುದು ಅಲ್ಲಿಗೇ. 2021 ರ ಡಿಸೆಂಬರ್ 7 ರಂದು ಅಮೆಜಾನ್‌ನ ಕ್ಲೌಡ್‌ನಲ್ಲಿ ತೊಂದರೆಯಾದಾಗ ಅದನ್ನು ನಂಬಿಕೊಂಡಿದ್ದ ಮನೆ ಸಾಧನಗಳೂ ಕೈಕೊಟ್ಟವು. ಸೈರನ್ ಮನೆಯೊಳಗಿನ ಪ್ಯಾನೆಲ್‌ನಿಂದಲೇ ಕೂಗುವಂತಿರಬೇಕು ಅನ್ನುವುದು ಇದಕ್ಕೇ.

ಹಾರ್ಟ್‌ಬೀಟ್ ತಲುಪದ ಜಾಗ

ಕಳ್ಳ ಬಾಗಿಲು ತೆರೆಯುತ್ತಾನೆ. ಕೋಡ್ ಒತ್ತಲು ಮನೆಯವರಿಗೆಂದು ಬಿಟ್ಟ 30 ಸೆಕೆಂಡ್ ಶುರುವಾಗುತ್ತದೆ, ಪ್ಯಾನೆಲ್ ಬೀಪ್ ಬೀಪ್ ಅನ್ನುತ್ತದೆ. ಆ ಸದ್ದು ಹಿಡಿದು ಹೋಗಿ ಪ್ಯಾನೆಲ್ ಒಡೆದು ಹಾಕುತ್ತಾನೆ. ಅಲಾರಂ ಹೊರಗೆ ಹೋಗಿರುವುದೇ ಇಲ್ಲ, ಯಾಕೆಂದರೆ 30 ಸೆಕೆಂಡ್ ಇನ್ನೂ ಮುಗಿದಿಲ್ಲ. ಮೂರು ನಿಮಿಷದ ಹಾರ್ಟ್‌ಬೀಟ್ ಇದ್ದರೂ ಸೆಂಟರ್‌ಗೆ ಬರುವುದು 'ಸಂಪರ್ಕ ತಪ್ಪಿದೆ' ಎಂಬ ಸಪ್ಪೆ ಸಂದೇಶ, ಅದೂ ತಡವಾಗಿ.

ಒಳ್ಳೆಯ ವ್ಯವಸ್ಥೆಗಳು ಇದನ್ನು ಬೇರೆ ಥರ ಬಿಡಿಸಿವೆ. ಬಾಗಿಲು ತೆರೆದ ಕ್ಷಣವೇ ಪ್ಯಾನೆಲ್ 'ಎಣಿಕೆ ಶುರುವಾಗಿದೆ' ಎಂದು ಸರ್ವರಿಗೆ ಹೇಳಿಬಿಡುತ್ತದೆ. ಆಮೇಲೆ ಎಣಿಸುವುದು ಸರ್ವರ್ ಕೆಲಸ. ನಿಗದಿಯಾದ ಹೊತ್ತಿನೊಳಗೆ 'ಕೋಡ್ ಸರಿ ಇತ್ತು' ಎಂಬ ಸಂದೇಶ ಬರದಿದ್ದರೆ ಅದನ್ನು ಪೂರ್ತಿ ಅಲಾರಂ ಆಗಿ ಸೆಂಟರ್‌ಗೆ ಕಳಿಸುತ್ತದೆ. ಪ್ಯಾನೆಲ್, ಕೀಪ್ಯಾಡ್, ಸೈರನ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿದ್ದು ಅದು ಬಾಗಿಲ ಪಕ್ಕದಲ್ಲೇ ಇದ್ದರೆ ಈ ಸೌಲಭ್ಯ ಇಲ್ಲದೆ ಕೊಳ್ಳಬೇಡಿ. ಪೆಟ್ಟಿಗೆ ಒಳಕೋಣೆಯಲ್ಲಿ ಅಡಗಿದ್ದು, ಬಾಗಿಲ ಹತ್ತಿರ ಬರೀ ಕೀಪ್ಯಾಡ್ ಇದ್ದರೆ ಇಷ್ಟು ಚಿಂತೆ ಇಲ್ಲ.

ಮನೆಯೊಳಗಿನ ಸೆನ್ಸರ್‌ಗಳ ಕಥೆಯೂ ಸಣ್ಣದಾಗಿ ಹೀಗೇ. ಒಳ್ಳೆಯ ವೈರ್‌ಲೆಸ್ ಸೆನ್ಸರ್ ಆಗಾಗ ಪ್ಯಾನೆಲ್‌ಗೆ ಹಾಜರಿ ಹಾಕುತ್ತದೆ. ಅಗ್ಗದ, ಒಂದೇ ಕಡೆ ಮಾತಾಡುವ ಸೆನ್ಸರ್ ಬ್ಯಾಟರಿ ಮುಗಿದು ಸತ್ತಿದ್ದರೂ ಆ್ಯಪ್‌ನಲ್ಲಿ 'ಮುಚ್ಚಿದೆ' ಎಂದೇ ತೋರಿಸುತ್ತಿರುತ್ತದೆ.

ಸ್ವಂತ ಕೈಯಲ್ಲಿ ಕಟ್ಟುವವರಿಗೆ

ಹೋಮ್ ಅಸಿಸ್ಟೆಂಟ್‌ನಂಥ ಸಾಫ್ಟ್‌ವೇರ್ ಹಾಕಿ ಮನೆಯಲ್ಲೇ ಎಲ್ಲ ನಡೆಸುವವರು ಒಂದು ನಿಯಮ ಪಾಲಿಸಿದರೆ ಸಾಕು: ಕಾಯುವವನು ಮನೆಯ ಹೊರಗಿರಬೇಕು. ಹೊರಗಿನ ಒಂದು ಸರ್ವರಿಗೆ ನಿಮ್ಮ ಪೆಟ್ಟಿಗೆ ನಿಮಿಷಕ್ಕೊಮ್ಮೆ ಸಂದೇಶ ಕಳಿಸಲಿ, ಅದು ನಿಂತರೆ ಆ ಸರ್ವರ್ ನಿಮಗೆ ಹೇಳಲಿ. ಮನೆಯೊಳಗೇ ಕೂತು 'ನೆಟ್ ಇದೆಯಾ' ಎಂದು ನೋಡುವ ಸ್ಕ್ರಿಪ್ಟ್, ನೆಟ್ ಹೋದಾಗ ನಿಮಗೆ ಇಮೇಲ್ ಕಳಿಸಲು ಹೊರಡುತ್ತದೆ. ಯಾವುದರ ಮೂಲಕ, ಅಲ್ವಾ?

ಯಾರಿಗೆ ಯಾವುದು, ಮತ್ತೆ ಪರೀಕ್ಷೆ

ಮನೆಯಲ್ಲಿ ಯಾವಾಗಲೂ ಜನ ಇರುತ್ತಾರೆ, ಬೇಕಾದದ್ದು ಕ್ಯಾಮೆರಾ ಮತ್ತು ಸೈರನ್ ಎಂದಾದರೆ ಆ್ಯಪ್ ಮಾತ್ರದ್ದು ನಡೆಯುತ್ತದೆ, ಆಫ್‌ಲೈನ್ ನೋಟಿಫಿಕೇಶನ್ ಇದ್ದರೆ. ವಾರಗಟ್ಟಲೆ ಬೀಗ ಹಾಕಿ ಹೋಗುವವರು, ಒಬ್ಬರೇ ಇರುವ ವಯಸ್ಸಾದವರು, ಹೊಗೆ ಸೆನ್ಸರನ್ನೂ ಇದಕ್ಕೇ ಸೇರಿಸಿದವರು ಎರಡು ದಾರಿಯದ್ದನ್ನೇ ತೆಗೆದುಕೊಳ್ಳಲಿ. ಕರೆಂಟ್ ಆಗಾಗ ಹೋಗುವ ಕಡೆ ತಂತಿ ಮಾತ್ರದ್ದು ಬೇಡವೇ ಬೇಡ.

ಹಾಕಿಸಿದ ದಿನವೇ, ದುಡ್ಡು ಪೂರ್ತಿ ಕೊಡುವ ಮೊದಲು, ಪರೀಕ್ಷೆ ಮಾಡಿ. ಸೆಂಟರ್ ಇದ್ದರೆ ಅವರಿಗೆ ಮೊದಲೇ ಹೇಳಿ. ಹೆಚ್ಚಿನವರು ಪ್ಯಾನೆಲ್‌ನ ತಂತಿ ಕಿತ್ತು ನೋಡುತ್ತಾರೆ. ಅದು ಸುಲಭದ ಪರೀಕ್ಷೆ. ತಂತಿ ಕಳಚಿದ್ದು ಪ್ಯಾನೆಲ್‌ಗೆ ಆ ಕ್ಷಣವೇ ತಿಳಿಯುತ್ತದೆ. ಅದರ ಬದಲು ರೂಟರಿಗೆ ಹೊರಗಿನಿಂದ ಬರುವ ತಂತಿ ಕೀಳಿ. ಆಗ ಪ್ಯಾನೆಲ್ ಮತ್ತು ರೂಟರ್ ನಡುವೆ ಎಲ್ಲ ದೀಪ ಹಸಿರು, ಹೊರಗೆ ಮಾತ್ರ ಏನೂ ಇಲ್ಲ. ಹಾರ್ಟ್‌ಬೀಟಿನ ಅಸಲಿ ಕೆಲಸ ಇಲ್ಲೇ ಕಾಣುವುದು. ಗಡಿಯಾರ ನೋಡಿ ನಿಮ್ಮ ಫೋನಿಗೆ ಸುದ್ದಿ ಬರುವವರೆಗಿನ ಹೊತ್ತು ಬರೆದುಕೊಳ್ಳಿ. ಆಮೇಲೆ ಮುಖ್ಯ ಕರೆಂಟ್ ಆಫ್ ಮಾಡಿ ಮತ್ತೊಮ್ಮೆ. ಎರಡು ದಾರಿ ಇದ್ದರೆ ತಂತಿ ಹಾಗೇ ಬಿಟ್ಟು ಸಿಮ್ ತೆಗೆದು ಇನ್ನೊಮ್ಮೆ. ಪ್ರತಿ ಸಲವೂ ಸರಿಹೋದ ಮೇಲೆ 'ಸಂಪರ್ಕ ವಾಪಸ್ ಬಂತು' ಎಂಬ ಸಂದೇಶ ಬಂತೇ ಎಂದೂ ನೋಡಿ.

ರೂಟರ್ ಬದಲಿಸಿದಾಗ, ನೆಟ್ ಕಂಪನಿ ಬದಲಿಸಿದಾಗ, ವೈಫೈ ಪಾಸ್‌ವರ್ಡ್ ಬದಲಿಸಿದಾಗ ಇದೇ ಪರೀಕ್ಷೆ ಮೊದಲಿನಿಂದ ಮಾಡಬೇಕು. ಹೊಸ ರೂಟರಿನ ಫೈರ್‌ವಾಲ್ ಹಾರ್ಟ್‌ಬೀಟ್ ಹೋಗುವ ಪೋರ್ಟನ್ನು ಮುಚ್ಚಿದ್ದರೆ ಮನೆಯಲ್ಲಿ ಸಿನಿಮಾ, ವಿಡಿಯೋ ಕರೆ ಎಲ್ಲ ಎಂದಿನಂತೆ ಓಡುತ್ತವೆ, ಅಲಾರಂ ಮಾತ್ರ ಓಡುವುದಿಲ್ಲ.